ಡಬ್ಬದಲ್ಲೇ ಉಳಿದ ಹಾಡುಗಾರಿಕೆ

(ನಗರದ ಚಿತ್ರಸಮಾಜವೊಂದರ ಸದಸ್ಯರ ಮುಂದೆ ನಮ್ಮ ವರದಿಗಾರರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕನ್ನಡ ಚಿತ್ರವೊಂದರ ಮುಹೂರ್ತ ನಡೆದ ಮರುದಿನ ಪತ್ರಿಕೆಯಲ್ಲಿ ಬರುವ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. ಒಬ್ಬರು ದೀಪ ಬೆಳಗಿದರು, ಇನ್ನೊಬ್ಬರು ಕ್ಯಾಮೆರಾಕ್ಕೆ ಚಾಲನೆ ನೀಡಿದರು, ಮತ್ತೊಬ್ಬ ಗಣ್ಯರು ಕ್ಲಾಪ್ ಮಾಡಿದರು ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ತೆಂಗಿನಕಾಯಿ ಒಡೆಯುವುದು, ಕ್ಯಾಮೆರಾಕ್ಕೆ ಹೂವು ಮುಡಿಸುವುದು, ಇವುಗಳ ಜೊತೆಗೆ ಕ್ಲಾಪ್ ಕೂಡ ಒಂದು ಶಾಸ್ತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಆದರೆ ಆ ಕಪ್ಪು ಹಲಗೆಗೆ ನಿಜವಾದ ಕೆಲಸವೊಂದಿದೆ. ಆ ಕೆಲಸ ನಡೆಯದೆ ಹೋದದ್ದರಿಂದ, ಇಪ್ಪತ್ತನೆಯ ಶತಮಾನದ ಬಹು ದೊಡ್ಡ ಗಾಯಕಿಯೊಬ್ಬರ ಕಾರ್ಯಕ್ರಮದ ಚಿತ್ರ 46 ವರ್ಷಕ್ಕೂ ಹೆಚ್ಚು ಕಾಲ ಡಬ್ಬದಲ್ಲೇ ಉಳಿಯಿತು. ನನ್ನ ಇಂದಿನ ಮಾತು ಆ ಚಿತ್ರವನ್ನು ಕುರಿತು, ಅದರಂತೆಯೇ ಕತ್ತಲಲ್ಲಿ ಕುಳಿತ ಇನ್ನೂ ಕೆಲವು ಚಿತ್ರಗಳನ್ನು ಕುರಿತು.

ಹಳೆಯ ಚಿತ್ರಗಳು ಕಳೆದುಹೋದವು ಎಂದಾಗ ನಮಗೆ ನೆನಪಾಗುವುದು ಬೆಂಕಿ, ಮಳೆನೀರು, ಬೂಷ್ಟು. ಅವು ನಿಜವೇ. ಆದರೆ ಸಂಗೀತ ಕಾರ್ಯಕ್ರಮಗಳ ಚಿತ್ರಗಳು ಕಾಣದೆ ಹೋಗಿರುವುದಕ್ಕೆ ಇವಕ್ಕಿಂತ ತೀರ ಸಾದಾ ಕಾರಣಗಳಿವೆ. ಚಿತ್ರೀಕರಣದ ದಿನ ಗುರುತು ಹಾಕಲಿಲ್ಲ. ಹಾಡಿದವರಿಗೂ ಚಿತ್ರ ತೆಗೆದವರಿಗೂ ನಡುವೆ ಒಪ್ಪಿಗೆ ಸರಿಯಾಗಲಿಲ್ಲ. ತಯಾರಾದದ್ದನ್ನು ಕೊಳ್ಳುವವರು ಬರಲಿಲ್ಲ. ಟೇಪು ದುಬಾರಿ ಎಂದು ಅಳಿಸಿಬಿಟ್ಟರು. ಕ್ಯಾಮೆರಾದ ಮುಂದೆ ಹಾಡಿದ ಹಾಡು ನಮ್ಮನ್ನು ಮುಟ್ಟಬೇಕಾದರೆ ಈ ನಾಲ್ಕು ಬಾಗಿಲುಗಳನ್ನೂ ದಾಟಿ ಬರಬೇಕು. ಒಂದು ಮುಚ್ಚಿದರೂ ಹಾಡು ಹೊರಗೆ ಬರುವುದಿಲ್ಲ. ಒಂದೊಂದನ್ನೂ ಒಂದೊಂದು ನಿಜವಾದ ಪ್ರಸಂಗದ ಮೂಲಕ ನೋಡೋಣ.

ಚರ್ಚಿನಲ್ಲಿ ಎರಡು ರಾತ್ರಿ

1972ರ ಜನವರಿ 13 ಮತ್ತು 14. ಸ್ಥಳ ಅಮೆರಿಕದ ಲಾಸ್ ಏಂಜಲಿಸ್ ನಗರದ ವಾಟ್ಸ್ ಭಾಗದಲ್ಲಿರುವ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚ್. ಕಪ್ಪು ಜನರೇ ಹೆಚ್ಚಾಗಿದ್ದ ಬಡಾವಣೆ ಅದು. 1965ರ ಆಗಸ್ಟ್‌ನಲ್ಲಿ ಅಲ್ಲಿ ನಡೆದ ಗಲಭೆಯಲ್ಲಿ 34 ಮಂದಿ ಸತ್ತಿದ್ದರು. ಚರ್ಚಿನ ಕಟ್ಟಡವೂ ದೊಡ್ಡದಲ್ಲ. ಹಿಂದೆ ಸಿನಿಮಾ ಮಂದಿರವಾಗಿದ್ದದ್ದನ್ನು ಪ್ರಾರ್ಥನಾ ಮಂದಿರವಾಗಿ ಮಾರ್ಪಡಿಸಿದ್ದರು. ಅಲ್ಲಿಗೆ ಹಾಡಲು ಬಂದವರು ಅರೀತಾ ಫ್ರಾಂಕ್ಲಿನ್.

ಆಗ ಅರೀತಾ ಅವರಿಗೆ 29 ವರ್ಷ. ‘ಸೋಲ್’ ಎಂಬ ಜನಪ್ರಿಯ ಸಂಗೀತ ಪ್ರಕಾರದ ರಾಣಿ ಎಂದು ಹೆಸರಾಗಿದ್ದರು. ಆದರೆ ಅವರು ಬೆಳೆದದ್ದು ಚರ್ಚಿನ ಹಾಡಿನಲ್ಲಿ. ತಂದೆ ಸಿ.ಎಲ್. ಫ್ರಾಂಕ್ಲಿನ್ ಡೆಟ್ರಾಯಿಟ್ ನಗರದ ಪ್ರಸಿದ್ಧ ಪಾದ್ರಿ. ಅವರ ಪ್ರವಚನಗಳು ಗ್ರಾಮಫೋನ್ ತಟ್ಟೆಗಳಾಗಿ ಮಾರಾಟವಾಗುತ್ತಿದ್ದವು. ಮಗಳು ಮೊದಲು ಹಾಡಿದ್ದು ತಂದೆಯ ಚರ್ಚಿನಲ್ಲೇ. ಕೀರ್ತಿಯ ತುತ್ತತುದಿಯಲ್ಲಿದ್ದಾಗ ಅವರು ಮತ್ತೆ ಆ ಹಾಡುಗಳಿಗೆ ಮರಳಬೇಕೆಂದುಕೊಂಡರು. ಅದೂ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಅಲ್ಲ. ಚರ್ಚಿನಲ್ಲಿ, ಭಕ್ತರ ನಡುವೆ.

ಗಾಸ್ಪೆಲ್ ಎಂಬ ಈ ಗಾಯನ ನಮ್ಮ ಭಜನೆಯ ಹತ್ತಿರದ ಬಂಧು ಎನ್ನಬಹುದು. ಮುಂದಾಳು ಒಂದು ಸಾಲು ಎತ್ತಿಕೊಟ್ಟರೆ ವೃಂದ ಉತ್ತರ ಕೊಡುತ್ತದೆ. ಕೇಳುವವರು ಸುಮ್ಮನೆ ಕುಳಿತಿರುವುದಿಲ್ಲ. ಎದ್ದು ನಿಲ್ಲುತ್ತಾರೆ, ಕೂಗುತ್ತಾರೆ, ಅಳುತ್ತಾರೆ, ಕುಣಿಯುತ್ತಾರೆ. ಆ ಎರಡು ರಾತ್ರಿ ಸದರ್ನ್ ಕ್ಯಾಲಿಫೋರ್ನಿಯಾ ಕಮ್ಯೂನಿಟಿ ವೃಂದ ಅರೀತಾ ಅವರ ಹಿಂದೆ ಕುಳಿತಿತ್ತು. ವೃಂದವನ್ನು ನಡೆಸಿದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಕಾರ್ಯಕ್ರಮದ ಹೊಣೆ ಹೊತ್ತು, ಪಿಯಾನೋ ನುಡಿಸಿ, ಜೊತೆಗೆ ಹಾಡಿದವರು ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್.

ಎರಡೂ ರಾತ್ರಿಯ ಧ್ವನಿಯನ್ನು ಅಟ್ಲಾಂಟಿಕ್ ಕಂಪೆನಿ ಮುದ್ರಿಸಿಕೊಂಡಿತು. ಆ ವರ್ಷವೇ ‘ಅಮೇಜಿಂಗ್ ಗ್ರೇಸ್’ ಎಂಬ ಹೆಸರಿನಲ್ಲಿ ಎರಡು ತಟ್ಟೆಗಳ ಆಲ್ಬಂ ಹೊರಬಂತು. ಅಮೆರಿಕದಲ್ಲೇ 20 ಲಕ್ಷಕ್ಕಿಂತ ಹೆಚ್ಚು ಪ್ರತಿಗಳು ಮಾರಾಟವಾದವು. ಅರೀತಾ ಅವರ ಧ್ವನಿಮುದ್ರಿಕೆಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾದದ್ದು ಇದೇ. ಅಂದರೆ ಹಾಡು ಕಳೆಯಲಿಲ್ಲ. ಲಕ್ಷಾಂತರ ಜನರ ಮನೆಯಲ್ಲಿ ಅದು ಕೇಳುತ್ತಲೇ ಇತ್ತು. ಆದರೆ ಅದೇ ಚರ್ಚಿನಲ್ಲಿ ಕ್ಯಾಮೆರಾಗಳೂ ಓಡಿದ್ದವು ಎಂಬುದು ತಿಳಿದಿದ್ದವರು ಕಡಿಮೆ.

ಹಲಗೆ ತಟ್ಟದ ಚಿತ್ರೀಕರಣ

1970ರಲ್ಲಿ ವಾರ್ನರ್ ಬ್ರದರ್ಸ್ ಕಂಪೆನಿ ‘ವುಡ್‌ಸ್ಟಾಕ್’ ಸಾಕ್ಷ್ಯಚಿತ್ರವನ್ನು ಬಿಡುಗಡೆ ಮಾಡಿ ಭಾರಿ ಲಾಭ ಗಳಿಸಿತ್ತು. ಸಂಗೀತ ಕಾರ್ಯಕ್ರಮದ ಚಿತ್ರಕ್ಕೂ ಜನ ಟಿಕೆಟ್ ಕೊಂಡು ಬರುತ್ತಾರೆ ಎಂಬುದು ಖಾತ್ರಿಯಾಗಿತ್ತು. ಹೀಗಾಗಿ ಅರೀತಾ ಅವರ ಕಾರ್ಯಕ್ರಮಕ್ಕೂ ಚಿತ್ರತಂಡ ಬಂತು. ನಿರ್ದೇಶಕ ಸಿಡ್ನಿ ಪೊಲಾಕ್. ‘ದೇ ಶೂಟ್ ಹಾರ್ಸಸ್, ಡೋಂಟ್ ದೇ?’ ಚಿತ್ರಕ್ಕಾಗಿ ಆಸ್ಕರ್ ನಾಮಕರಣ ಪಡೆದಿದ್ದ, ಕಥಾಚಿತ್ರಗಳಲ್ಲಿ ಪಳಗಿದ ವ್ಯಕ್ತಿ. 16 ಮಿಲಿಮೀಟರ್ ಕ್ಯಾಮೆರಾಗಳನ್ನು ಹಿಡಿದ ತಂಡ ಎರಡು ರಾತ್ರಿಯಲ್ಲಿ ಸುಮಾರು 20 ಗಂಟೆಯಷ್ಟು ಚಿತ್ರ ತೆಗೆಯಿತು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಆ ಕಾಲದ ಫಿಲಂ ಕ್ಯಾಮೆರಾ ಚಿತ್ರವನ್ನು ಮಾತ್ರ ಹಿಡಿಯುತ್ತಿತ್ತು. ಧ್ವನಿ ಬೇರೆಯದೇ ಯಂತ್ರದಲ್ಲಿ, ಬೇರೆ ಟೇಪಿನ ಮೇಲೆ ಮುದ್ರಣವಾಗುತ್ತಿತ್ತು. ಸಂಕಲನದ ಮೇಜಿನ ಮೇಲೆ ಎರಡನ್ನೂ ಕೂಡಿಸಬೇಕು. ಎಲ್ಲಿ ಕೂಡಿಸುವುದು? ಅದಕ್ಕೇ ಕ್ಲಾಪ್ ಹಲಗೆ. ಹಲಗೆಯ ಎರಡು ಪಟ್ಟಿಗಳು ಕೂಡುವ ಚೌಕಟ್ಟು ಚಿತ್ರದಲ್ಲಿ ಕಾಣುತ್ತದೆ. ‘ಟಪ್’ ಎಂಬ ಶಬ್ದ ಟೇಪಿನಲ್ಲಿ ಕೇಳುತ್ತದೆ. ಆ ಚೌಕಟ್ಟಿಗೆ ಈ ಶಬ್ದವನ್ನು ಹೊಂದಿಸಿದರೆ ಮುಂದಿನದೆಲ್ಲ ತಾನಾಗಿ ಹೊಂದುತ್ತದೆ. ಹಲಗೆಯ ಮೇಲೆ ಬರೆದ ಸಂಖ್ಯೆಯಿಂದ ಇದು ಯಾವ ಕ್ಯಾಮೆರಾ, ಎಷ್ಟನೆಯ ಸಲ ತೆಗೆದದ್ದು ಎಂಬುದೂ ಗೊತ್ತಾಗುತ್ತದೆ.

ಚರ್ಚಿನಲ್ಲಿ ಈ ಹಲಗೆ ತಟ್ಟಲಿಲ್ಲ. ಪ್ರಾರ್ಥನೆಯ ನಡುವೆ ಹಲಗೆ ಹಿಡಿದು ಮುಂದೆ ನಿಲ್ಲುವುದು ಸುಲಭವೂ ಅಲ್ಲವೆನ್ನಿ. ಕ್ಯಾಮೆರಾಗಳು ತಮಗೆ ಬೇಕಾದಾಗ ಶುರುವಾದವು, ನಿಂತವು, ರೀಲು ಬದಲಾಯಿಸಿಕೊಂಡು ಮತ್ತೆ ಶುರುವಾದವು. 400 ಅಡಿಯ 16 ಮಿಲಿಮೀಟರ್ ರೀಲು ಓಡುವುದು ಸುಮಾರು 11 ನಿಮಿಷ. ಆ ಲೆಕ್ಕದಲ್ಲಿ 20 ಗಂಟೆ ಎಂದರೆ ನೂರಕ್ಕೂ ಹೆಚ್ಚು ರೀಲು. ನಡುನಡುವೆ ನಿಂತು ಹೊರಟದ್ದನ್ನು ಸೇರಿಸಿದರೆ ತುಂಡುಗಳು ಇನ್ನೂ ಹೆಚ್ಚು. ಒಂದೊಂದು ತುಂಡೂ ಯಾವ ಹಾಡಿನ ಯಾವ ಸಾಲಿಗೆ ಸೇರಿದ್ದು ಎಂದು ಹುಡುಕಬೇಕು. ಚಿತ್ರ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಾಲ್ಕಾರು ಚೌಕಟ್ಟು ಆಚೀಚೆಯಾದರೂ ತುಟಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಕೇಳುತ್ತದೆ.

ಗಾಸ್ಪೆಲ್ ಗಾಯನದಲ್ಲಿ ಈ ಕಷ್ಟ ಇಮ್ಮಡಿ. ನಮ್ಮ ಕಛೇರಿಯಲ್ಲಿ ಗಾಯಕರು ನೆರವಲ್‌ಗೆ ಒಂದು ಸಾಲನ್ನು ಎತ್ತಿಕೊಂಡು ಮತ್ತೆ ಮತ್ತೆ ಬೇರೆ ಬೇರೆ ರೀತಿಯಲ್ಲಿ ಹಾಡುವುದನ್ನು ಕೇಳಿದ್ದೀರಿ. ಅರೀತಾ ಕೂಡ ಒಂದೇ ಪದವನ್ನು ಹಿಗ್ಗಿಸಿ, ಒಂದು ಅಕ್ಷರದ ಮೇಲೆ ಹತ್ತಾರು ಸ್ವರಗಳನ್ನು ಓಡಿಸುತ್ತಾರೆ. ‘ಅಮೇಜಿಂಗ್ ಗ್ರೇಸ್’ ಎಂಬ ಪುಟ್ಟ ಪ್ರಾರ್ಥನಾ ಗೀತೆಯೇ ಅವರ ಬಾಯಲ್ಲಿ ಸುಮಾರು 11 ನಿಮಿಷ ಬೆಳೆಯಿತು. ಬಾಯಿ ತೆರೆದಿರುವ ಚಿತ್ರ ಮಾತ್ರ ಕೈಯಲ್ಲಿದ್ದರೆ, ಅದು ಆ ಹತ್ತಾರು ಸ್ವರಗಳಲ್ಲಿ ಯಾವುದು ಎಂದು ಹೇಳುವುದು ಹೇಗೆ? ತುಟಿಚಲನೆ ಓದಬಲ್ಲವರನ್ನು ಕರೆಸಿದರು. ವೃಂದದ ಹ್ಯಾಮಿಲ್ಟನ್ ಅವರನ್ನೂ ಕೂರಿಸಿಕೊಂಡರು. ಫಲ ಸಿಗಲಿಲ್ಲ. ಆಲ್ಬಂ ಅಂಗಡಿಗೆ ಬಂತು. ಚಿತ್ರ ವಾರ್ನರ್ ಕಂಪೆನಿಯ ಉಗ್ರಾಣ ಸೇರಿತು.

ಹಾಗಾದರೆ ಆ ಕಾಲದಲ್ಲಿ ಇದು ಯಾರಿಗೂ ಸಾಧ್ಯವಿರಲಿಲ್ಲವೇ? ಇತ್ತು. ಇದಕ್ಕೆ ಐದು ವರ್ಷ ಹಿಂದೆ, 1967ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಪಾಪ್ ಉತ್ಸವವನ್ನು ಡಿ.ಎ. ಪೆನ್ನೆಬೇಕರ್ ಚಿತ್ರೀಕರಿಸಿದ್ದರು. ‘ಮಾಂಟೆರೆ ಪಾಪ್’ ಚಿತ್ರದ ಕೊನೆಯ ಹದಿನೆಂಟು ನಿಮಿಷ ಪೂರ್ತಿ ನಮ್ಮ ಪಂಡಿತ್ ರವಿಶಂಕರ್ ಅವರದು. ತಬಲಾದಲ್ಲಿ ಉಸ್ತಾದ್ ಅಲ್ಲಾ ರಖಾ. ಝಾಲಾ ವೇಗದಲ್ಲಿ ಸಿತಾರಿನ ತಂತಿಯ ಮೇಲೆ ಓಡುವ ಬೆರಳಿಗೂ ಕೇಳುವ ನಾದಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲ. ಪೆನ್ನೆಬೇಕರ್ ಎಂಜಿನಿಯರಿಂಗ್ ಓದಿದವರು. ಕ್ಯಾಮೆರಾವನ್ನೂ ಧ್ವನಿಯಂತ್ರವನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುವ, ಹೆಗಲ ಮೇಲೆ ಹೊತ್ತು ಓಡಾಡಬಹುದಾದ ಉಪಕರಣವನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಕಥಾಚಿತ್ರದ ನಿರ್ದೇಶಕನಿಗೆ ಹೊಂದಾಣಿಕೆ ಎಂಬುದು ಸಹಾಯಕರು ನೋಡಿಕೊಳ್ಳುವ ಕೆಲಸ. ಸಾಕ್ಷ್ಯಚಿತ್ರದವನಿಗೆ ಅದೇ ಮೊದಲ ಕೆಲಸ, ಏಕೆಂದರೆ ಎದುರಿಗೆ ನಡೆಯುತ್ತಿರುವುದು ಎರಡನೆಯ ಸಲ ನಡೆಯುವುದಿಲ್ಲ.

ಬೇಡ ಎಂದ ಗಾಯಕಿ

ಸುಮಾರು 35 ವರ್ಷಗಳ ನಂತರ ಅಲನ್ ಎಲಿಯಟ್ ಎಂಬ ಸಂಗೀತ ನಿರ್ಮಾಪಕರು ಈ ರೀಲುಗಳ ಹಿಂದೆ ಬಿದ್ದರು. ಅವರು ಹಿಂದೆ ಅಟ್ಲಾಂಟಿಕ್ ಕಂಪೆನಿಯಲ್ಲಿ ಕೆಲಸ ಮಾಡಿದ್ದವರು. ಕ್ಯಾನ್ಸರ್ ಹಿಡಿದಿದ್ದ ಪೊಲಾಕ್ ಈ ಕೆಲಸವನ್ನು ಎಲಿಯಟ್ ಕೈಗೆ ಒಪ್ಪಿಸಿ 2008ರಲ್ಲಿ ತೀರಿಕೊಂಡರು. ಎಲಿಯಟ್ ಮನೆಯನ್ನು ಅಡವಿಟ್ಟು ಹಣ ಹೊಂದಿಸಿದರು. ಅಷ್ಟು ಹೊತ್ತಿಗೆ ಕಂಪ್ಯೂಟರ್ ಬಂದಿತ್ತು. 1972ರಲ್ಲಿ ಮನುಷ್ಯರ ಕಣ್ಣು ಕಿವಿಗಳಿಂದ ಆಗದಿದ್ದ ಹೊಂದಾಣಿಕೆ ಈಗ ಆಯಿತು. ಮೊದಲ ಬಾಗಿಲು ತೆರೆಯಿತು.

ಆಗ ಎರಡನೆಯ ಬಾಗಿಲು ಮುಚ್ಚಿಕೊಂಡಿತು. ಚಿತ್ರ ಹೊರಬರಬಾರದು ಎಂದು ಅರೀತಾ ಅವರೇ 2011ರಲ್ಲಿ ನ್ಯಾಯಾಲಯಕ್ಕೆ ಹೋದರು. ನನ್ನ ಒಪ್ಪಿಗೆ ಇಲ್ಲದೆ ನನ್ನ ಹೆಸರು, ರೂಪ, ಗಾಯನವನ್ನು ಬಳಸುವಂತಿಲ್ಲ ಎಂಬುದು ಅವರ ವಾದ. 2015ರಲ್ಲಿ ಟೆಲ್ಯುರೈಡ್ ಚಿತ್ರೋತ್ಸವದಲ್ಲಿ ಪ್ರದರ್ಶನ ನಿಗದಿಯಾಗಿತ್ತು. ಅರೀತಾ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿ ತಡೆಯಾಜ್ಞೆ ತಂದರು. ಕಾರ್ಯಕ್ರಮ ಪಟ್ಟಿಯಲ್ಲಿದ್ದ ಚಿತ್ರವನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು.

ಇದನ್ನು ಕೇಳಿದ ಕೂಡಲೇ, ಅಷ್ಟು ಒಳ್ಳೆಯ ಚಿತ್ರವನ್ನು ಅವರೇ ತಡೆದರಲ್ಲ ಎಂದು ನಮಗೆ ಅನ್ನಿಸುತ್ತದೆ. ಅವರ ಕಡೆಯಿಂದಲೂ ಒಮ್ಮೆ ಯೋಚಿಸೋಣ. ಕಪ್ಪು ಕಲಾವಿದರ ಹಾಡನ್ನು ಕಂಪೆನಿಗಳು ಕಿಲುಬು ಕಾಸಿಗೆ ಬರೆಸಿಕೊಂಡು ದಶಕಗಟ್ಟಲೆ ಲಾಭ ತಿಂದ ಚರಿತ್ರೆ ಅಮೆರಿಕದಲ್ಲಿದೆ. ಅರೀತಾ ಅದನ್ನು ಕಣ್ಣಾರೆ ಕಂಡು ಬೆಳೆದವರು. ಒಂದು ಸ್ಟುಡಿಯೋ ಚಿತ್ರವನ್ನು ಕೆಡಿಸಿ ಉಗ್ರಾಣಕ್ಕೆ ಹಾಕುತ್ತದೆ. ಮೂರೂವರೆ ದಶಕದ ನಂತರ ಇನ್ನೊಬ್ಬರು ಅದನ್ನು ಕೊಂಡು ಸರಿಪಡಿಸುತ್ತಾರೆ. ಅಷ್ಟರಿಂದ ಹಾಡಿದವಳ ಮಾತಿಗೆ ಬೆಲೆ ಇಲ್ಲದಂತಾಗುತ್ತದೆಯೇ? ಫಿಲಂ ಸುರುಳಿ ಒಬ್ಬರ ಸ್ವತ್ತು, ಧ್ವನಿ ಇನ್ನೊಬ್ಬರ ಸ್ವತ್ತು, ಮುಖ ಮಾತ್ರ ಹಾಡಿದವರದು. ಈ ಮೂರು ಒಪ್ಪದೆ ಚಿತ್ರವಿಲ್ಲ. ಆ ಒಪ್ಪಿಗೆ ಖಚಿತವಾಗಿರಬೇಕಾದದ್ದು ಚಿತ್ರ ತೆಗೆದ ದಿನವೇ.

ಅರೀತಾ 2018ರ ಆಗಸ್ಟ್ 16ರಂದು ನಿಧನರಾದರು. ಆಮೇಲೆ ಅವರ ಆಸ್ತಿಯ ಹೊಣೆ ಹೊತ್ತ ಕುಟುಂಬದವರ ಜೊತೆ ಒಪ್ಪಂದವಾಯಿತು. ಅದೇ ವರ್ಷದ ನವೆಂಬರ್ 12ರಂದು ನ್ಯೂಯಾರ್ಕಿನ ಸಾಕ್ಷ್ಯಚಿತ್ರೋತ್ಸವದಲ್ಲಿ ‘ಅಮೇಜಿಂಗ್ ಗ್ರೇಸ್’ ಮೊದಲ ಸಲ ತೆರೆ ಕಂಡಿತು. 2019ರಲ್ಲಿ ಚಿತ್ರಮಂದಿರಗಳಿಗೆ ಬಂತು.

ಆಲ್ಬಂನಲ್ಲಿ ಕೇಳದ ಯಾವುದು ಚಿತ್ರದಲ್ಲಿ ಕಾಣುತ್ತದೆ? ಅರೀತಾ ಹಾಡುಗಳ ನಡುವೆ ಮಾತೇ ಆಡುವುದಿಲ್ಲ ಎಂಬುದು ಕಾಣುತ್ತದೆ. ಶೀರ್ಷಿಕೆ ಗೀತೆ ಹಾಡುವಾಗ ಕ್ಲೀವ್‌ಲ್ಯಾಂಡ್ ಪಿಯಾನೋ ಬಿಟ್ಟು ಎದ್ದು ಪಕ್ಕದಲ್ಲಿ ಕುಳಿತು, ಮುಖ ಮುಚ್ಚಿಕೊಂಡು ಅಳುತ್ತಾರೆ. ಎರಡನೆಯ ರಾತ್ರಿ ಮಗಳು ಪಿಯಾನೋ ನುಡಿಸುತ್ತ ಹಾಡುತ್ತಿರುವಾಗ ತಂದೆ ಎದ್ದು ಬಂದು, ಬೆವರಿದ ಅವಳ ಮುಖವನ್ನು ಬಟ್ಟೆಯಿಂದ ಒರೆಸುತ್ತಾರೆ. ಹಿಂದಿನ ಸಾಲಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ನಿಂತು ಚಪ್ಪಾಳೆ ಹಾಕುತ್ತಿದ್ದಾರೆ. ಧ್ವನಿಮುದ್ರಿಕೆಯಲ್ಲಿ ಅರೀತಾ ಒಬ್ಬರೇ ಹಾಡುತ್ತಿದ್ದರು ಎಂದು ತೋರುತ್ತಿತ್ತು. ಅದು ಇಡೀ ಒಂದು ಸಮುದಾಯದ ಹಾಡು ಎಂಬುದು ಚಿತ್ರ ನೋಡಿದ ಮೇಲೆ ಅರ್ಥವಾಗುತ್ತದೆ.

ಕೊಳ್ಳುವವರಿಲ್ಲದ ಉತ್ಸವ

ಅರೀತಾ ಅವರ ಚಿತ್ರ ನಿಂತದ್ದು ತಾಂತ್ರಿಕ ತಪ್ಪಿನಿಂದ, ಆಮೇಲೆ ಒಪ್ಪಿಗೆಯ ಪ್ರಶ್ನೆಯಿಂದ. ಆದರೆ ಚಿತ್ರ ಸರಿಯಾಗಿಯೇ ಮೂಡಿಬಂದು, ಹಾಡಿದವರು ವೇದಿಕೆಯ ಮೇಲೆ ಸಂತೋಷದಿಂದ ಹಾಡಿದ್ದರೂ ಡಬ್ಬದಲ್ಲೇ ಉಳಿದ ಪ್ರಸಂಗ ಇನ್ನೊಂದಿದೆ. ಅದು ನ್ಯೂಯಾರ್ಕಿನ ಹಾರ್ಲೆಮ್‌ನದು.

1969ರ ಜೂನ್ 29ರಿಂದ ಆಗಸ್ಟ್ 24ರವರೆಗಿನ ಅವಧಿಯಲ್ಲಿ ಆರು ಭಾನುವಾರ ಹಾರ್ಲೆಮ್‌ನ ಮೌಂಟ್ ಮಾರಿಸ್ ಪಾರ್ಕಿನಲ್ಲಿ ಬಿಟ್ಟಿ ಸಂಗೀತ ಕಾರ್ಯಕ್ರಮಗಳು ನಡೆದವು. ಆ ಉದ್ಯಾನಕ್ಕೆ ಈಗ ಮಾರ್ಕಸ್ ಗಾರ್ವಿ ಅವರ ಹೆಸರಿದೆ. ಸಂಘಟಕ ಟೋನಿ ಲಾರೆನ್ಸ್ ಎಂಬ ಗಾಯಕ. ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಕಂಪೆನಿಯ ಪ್ರಾಯೋಜಕತ್ವ ಸಿಕ್ಕಿತ್ತು. 19 ವರ್ಷದ ಸ್ಟೀವಿ ವಂಡರ್, ಬಿ.ಬಿ. ಕಿಂಗ್, ನೀನಾ ಸಿಮೋನ್, ಗ್ಲಾಡಿಸ್ ನೈಟ್, ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್, ಮಹಾಲಿಯಾ ಜಾಕ್ಸನ್ ಇವರೆಲ್ಲ ಹಾಡಿದರು. ಎಲ್ಲ ದಿನಗಳೂ ಸೇರಿ ಸುಮಾರು 3 ಲಕ್ಷ ಜನ ಬಂದಿದ್ದರು ಎಂದು ಅಂದಾಜು.

ಇದನ್ನು ಚಿತ್ರೀಕರಿಸಿದವರು ಟೆಲಿವಿಷನ್ ನಿರ್ದೇಶಕ ಹಾಲ್ ಟುಲ್ಚಿನ್. ದೀಪಗಳಿಗೆ ಹಣವಿರಲಿಲ್ಲ. ಮಧ್ಯಾಹ್ನದ ಬಿಸಿಲೇ ಬೆಳಕಾಗಲಿ ಎಂದು ವೇದಿಕೆಯನ್ನು ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಿಸಿದರು. ಫಿಲಂ ಬದಲು ವಿಡಿಯೋ ಟೇಪು ಬಳಸಿದ್ದರಿಂದ ಚಿತ್ರ, ಧ್ವನಿ ಎರಡೂ ಒಂದೇ ಪಟ್ಟಿಯ ಮೇಲೆ ಕೂತವು. ಹೊಂದಾಣಿಕೆಯ ತಾಪತ್ರಯವೇ ಇಲ್ಲ. ಒಟ್ಟು ಸುಮಾರು 40 ಗಂಟೆಯ ಟೇಪು ಸಿದ್ಧವಾಯಿತು. ಅದರ ಅಲ್ಪ ಭಾಗ ಆ ವರ್ಷವೇ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. ಉಳಿದದ್ದನ್ನು ಚಿತ್ರವನ್ನಾಗಿ ಮಾಡಲು ಟುಲ್ಚಿನ್ ಕಂಪೆನಿಗಳ ಬಾಗಿಲು ತಟ್ಟಿದರು. ‘ಕಪ್ಪು ಜನರ ವುಡ್‌ಸ್ಟಾಕ್’ ಎಂದು ಹೆಸರು ಕೊಟ್ಟು ನೋಡಿದರು. ಯಾರೂ ಕೊಳ್ಳಲಿಲ್ಲ.

ಇಲ್ಲಿ ಹೋಲಿಕೆ ತಾನಾಗಿ ಬರುತ್ತದೆ. ಅದೇ ಆಗಸ್ಟ್‌ನಲ್ಲಿ, ಅಲ್ಲಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ ವುಡ್‌ಸ್ಟಾಕ್ ಉತ್ಸವ ನಡೆಯಿತು. ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಅಲ್ಲೂ ಹಾಡಿತು. ಅಲ್ಲಿನ ಪ್ರೇಕ್ಷಕರು ಬಹುತೇಕ ಬಿಳಿಯ ಯುವಕರು. ಆ ಚಿತ್ರ ಮರುವರ್ಷವೇ ತೆರೆಗೆ ಬಂದು ಆಸ್ಕರ್ ಪಡೆಯಿತು. 1969 ಎಂದರೆ ವುಡ್‌ಸ್ಟಾಕ್ ಎಂದು ಜಗತ್ತು ಬಾಯಿಪಾಠ ಮಾಡಿಕೊಂಡಿತು. ಹಾರ್ಲೆಮ್ ಟೇಪುಗಳು ಟುಲ್ಚಿನ್ ಮನೆಯ ನೆಲಮಾಳಿಗೆಯಲ್ಲಿ ಕುಳಿತವು. ಅವರು 2017ರಲ್ಲಿ ತೀರಿಕೊಂಡಾಗಲೂ ಚಿತ್ರ ಆಗಿರಲಿಲ್ಲ.

ಕೊನೆಗೆ ಅದನ್ನು ಚಿತ್ರವನ್ನಾಗಿ ಮಾಡಿದವರು ಕ್ವೆಸ್ಟ್‌ಲವ್ ಎಂದು ಹೆಸರಾದ ಸಂಗೀತಗಾರ ಅಹ್ಮೀರ್ ಥಾಂಪ್ಸನ್. ‘ಸಮ್ಮರ್ ಆಫ್ ಸೋಲ್’ 2021ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ತೆರೆ ಕಂಡು, 2022ರಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಪಡೆಯಿತು. ಅದರಲ್ಲಿ ಮಹಾಲಿಯಾ ಜಾಕ್ಸನ್ ಮತ್ತು ಮೇವಿಸ್ ಸ್ಟೇಪಲ್ಸ್ ಕೂಡಿ ಹಾಡುವ ಒಂದು ಪ್ರಾರ್ಥನೆ ಇದೆ. ಅದು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅತಿ ಪ್ರಿಯವಾಗಿದ್ದ ಗೀತೆ. ಕಿಂಗ್ ಹತ್ಯೆಯಾಗಿ ಆಗ ಒಂದೂಕಾಲು ವರ್ಷ. ಮೈಯಲ್ಲಿ ಸ್ವಸ್ಥವಿಲ್ಲದ ಹಿರಿಯ ಗಾಯಕಿ ಕಿರಿಯಳ ಕೈಗೆ ಮೈಕು ಕೊಡುತ್ತಾರೆ, ನಂತರ ಇಬ್ಬರೂ ಸೇರಿ ಹಾಡುತ್ತಾರೆ. ಮಹಾಲಿಯಾ ತೀರಿಕೊಂಡದ್ದು 1972ರ ಜನವರಿ 27ರಂದು; ಅರೀತಾ ಲಾಸ್ ಏಂಜಲಿಸ್ ಚರ್ಚಿನಲ್ಲಿ ಹಾಡಿ ಎರಡು ವಾರವೂ ಆಗಿರಲಿಲ್ಲ. ಮಹಾಲಿಯಾ ಅವರ ಅಂತ್ಯಸಂಸ್ಕಾರದಲ್ಲಿ ಅದೇ ಪ್ರಾರ್ಥನೆಯನ್ನು ಹಾಡಿದವರು ಅರೀತಾ.

ಬಾಲ್ಯದಲ್ಲಿ ಆ ಉತ್ಸವಕ್ಕೆ ಹೋಗಿದ್ದ ಒಬ್ಬರಿಗೆ ಈ ಚಿತ್ರದಲ್ಲೇ ಹಳೆಯ ಟೇಪನ್ನು ತೋರಿಸುತ್ತಾರೆ. ಅವರ ಕಣ್ಣು ತುಂಬುತ್ತದೆ. ತನಗೆ ನೆನಪಿದ್ದದ್ದು ನಿಜವಾಗಿಯೂ ನಡೆದಿತ್ತು, ತಾನು ಕಲ್ಪಿಸಿಕೊಂಡದ್ದಲ್ಲ ಎಂಬ ಸಮಾಧಾನ ಅದು. ಎಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಇದು. ಒಂದು ಊರಿನ 3 ಲಕ್ಷ ಜನ ಕೂಡಿ ಕಂಡದ್ದನ್ನು ಪತ್ರಿಕೆ, ಪುಸ್ತಕ, ಸಿನಿಮಾ ಯಾವುದೂ ಹೇಳದೆ ಹೋದರೆ, ಕಂಡವರಿಗೇ ತಮ್ಮ ನೆನಪಿನ ಮೇಲೆ ಅನುಮಾನ ಹುಟ್ಟುತ್ತದೆ. ಚಿತ್ರವನ್ನು ಬೇಡವೆಂದ ಕಂಪೆನಿಗಳು ಅದನ್ನು ಸುಡಲಿಲ್ಲ, ನಿಷೇಧಿಸಲಿಲ್ಲ. ‘ಇದನ್ನು ಯಾರು ನೋಡುತ್ತಾರೆ’ ಎಂದು ಕೇಳಿದರು, ಅಷ್ಟೆ.

ಅಳಿಸಿದ ಟೇಪು, ಉಳಿಸಿದ ಟೇಪು

ನಾಲ್ಕನೆಯ ಬಾಗಿಲು ಉಗ್ರಾಣದ್ದು. ಹಾರ್ಲೆಮ್ ಉತ್ಸವದ ಒಂದು ಭಾನುವಾರ 1969ರ ಜುಲೈ 20. ಮನುಷ್ಯ ಚಂದ್ರನ ಮೇಲೆ ಇಳಿದ ದಿನ. ಆ ಹಣವನ್ನು ಇಲ್ಲಿನ ಬಡವರಿಗೆ ಖರ್ಚು ಮಾಡಬಹುದಿತ್ತಲ್ಲ ಎಂದು ಉದ್ಯಾನದಲ್ಲಿದ್ದವರು ಹೇಳುವುದು ಟುಲ್ಚಿನ್ ಕಾಲದ ಚಿತ್ರಗಳಲ್ಲಿ ಉಳಿದಿದೆ. ಅದೇ ದಿನ ಲಂಡನ್ನಿನಲ್ಲಿ ಬಿಬಿಸಿ ಟೆಲಿವಿಷನ್‌ನ ಚಂದ್ರಯಾನ ಕಾರ್ಯಕ್ರಮದಲ್ಲಿ ಪಿಂಕ್ ಫ್ಲಾಯ್ಡ್ ತಂಡ ಸ್ಟುಡಿಯೋದಲ್ಲಿ ಕುಳಿತು ಆ ಗಳಿಗೆಗೆಂದೇ ಹೊಸ ಸಂಗೀತ ನುಡಿಸಿತು. ಅದರ ಧ್ವನಿ ಸಿಕ್ಕಿದೆ, ಚಿತ್ರ ಇಲ್ಲ.

ಆಗಿನ ವಿಡಿಯೋ ಟೇಪು ಎರಡು ಅಂಗುಲ ಅಗಲದ್ದು, ಬಹಳ ದುಬಾರಿ. ಒಳ್ಳೆಯದೋ ಕೆಟ್ಟದ್ದೋ, ಅದನ್ನು ಅಳಿಸಿ ಮತ್ತೆ ಬಳಸಬಹುದಿತ್ತು. ಕಲಾವಿದರ ಸಂಘಗಳ ಜೊತೆಗಿನ ಒಪ್ಪಂದದಂತೆ ಒಂದು ಕಾರ್ಯಕ್ರಮವನ್ನು ಬೇಕಾದಷ್ಟು ಸಲ ಮರುಪ್ರಸಾರ ಮಾಡುವಂತೆಯೂ ಇರಲಿಲ್ಲ. ಮತ್ತೆ ತೋರಿಸಲಾಗದ್ದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಬಿಬಿಸಿ 1970ರ ದಶಕದ ಕೊನೆಯವರೆಗೂ ಟೇಪುಗಳನ್ನು ಅಳಿಸುತ್ತಿತ್ತು. ‘ಟಾಪ್ ಆಫ್ ದ ಪಾಪ್ಸ್’ ಎಂಬ ವಾರದ ಸಂಗೀತ ಕಾರ್ಯಕ್ರಮದ ಮೊದಲ ವರ್ಷಗಳ ಹೆಚ್ಚಿನ ಸಂಚಿಕೆಗಳು ಹೀಗೆ ಹೋದವು. 1966ರ ಜೂನ್ 16ರಂದು ಬೀಟಲ್ಸ್ ಆ ಕಾರ್ಯಕ್ರಮದ ಸ್ಟುಡಿಯೋಕ್ಕೆ ಖುದ್ದಾಗಿ ಬಂದಿದ್ದರು. ಅದೂ ಅಳಿಸಿಹೋಯಿತು. 2019ರಲ್ಲಿ ಅದರ 11 ಸೆಕೆಂಡು ದೊರೆಯಿತು. ಯಾರೋ ಒಬ್ಬ ವೀಕ್ಷಕ ಮನೆಯಲ್ಲಿ ಟೀವಿಯ ಮುಂದೆ ಕುಳಿತು 8 ಮಿಲಿಮೀಟರ್ ಕ್ಯಾಮೆರಾದಲ್ಲಿ ಅದನ್ನು ಹಿಡಿದಿಟ್ಟಿದ್ದ. ಡೇವಿಡ್ ಬೋವಿ 1973ರ ಜನವರಿಯಲ್ಲಿ ಹಾಡಿದ ‘ಜೀನ್ ಜೀನಿ’ ಕೂಡ ಅಳಿಸಿಹೋಗಿತ್ತು. ಅಂದು ಕ್ಯಾಮೆರಾ ಹಿಡಿದಿದ್ದ ಜಾನ್ ಹೆನ್‌ಶಾಲ್ ತಾವು ಬಳಸಿದ ವಿಶೇಷ ಮಸೂರದ ಪರಿಣಾಮ ತೋರಿಸಲೆಂದು ಒಂದು ಪ್ರತಿ ಇಟ್ಟುಕೊಂಡಿದ್ದರು. ಅದು 2011ರಲ್ಲಿ ಮತ್ತೆ ಪ್ರಸಾರವಾಯಿತು. ನಮ್ಮ ದೂರದರ್ಶನದಲ್ಲೂ ಹಳೆಯ ಟೇಪಿನ ಮೇಲೆ ಹೊಸ ಕಾರ್ಯಕ್ರಮ ಮುದ್ರಿಸಿದ್ದುಂಟು. ಬಿಬಿಸಿಯನ್ನು ದೂರಿ ನಾವು ಬೀಗುವಂತಿಲ್ಲ.

ಕತ್ತರಿಯ ಆಚೆ ಉಳಿದದ್ದು

ಡಬ್ಬದಲ್ಲಿ ಉಳಿದದ್ದು ಹೊರಬಂದರೆ ಇತಿಹಾಸದ ಪಾಠವೇ ಬದಲಾಗುತ್ತದೆ ಎಂಬುದಕ್ಕೆ ಇನ್ನೊಂದೇ ಉದಾಹರಣೆ ಹೇಳಿ ಮುಗಿಸುತ್ತೇನೆ. 1969ರ ಜನವರಿಯಲ್ಲಿ ಬೀಟಲ್ಸ್ ಹೊಸ ಹಾಡು ಕಟ್ಟುವುದನ್ನೂ, ತಿಂಗಳ 30ರಂದು ಲಂಡನ್ನಿನ ತಮ್ಮ ಕಚೇರಿಯ ತಾರಸಿಯ ಮೇಲೆ ಹಾಡಿದ್ದನ್ನೂ ಮೈಕೆಲ್ ಲಿಂಡ್ಸೆ-ಹಾಗ್ ಚಿತ್ರೀಕರಿಸಿದರು. ಸುಮಾರು 60 ಗಂಟೆ ಚಿತ್ರ, 150 ಗಂಟೆಗೂ ಹೆಚ್ಚು ಧ್ವನಿ. 1970ರಲ್ಲಿ ಬಂದ ‘ಲೆಟ್ ಇಟ್ ಬಿ’ ಚಿತ್ರ ಇದರಲ್ಲಿ ಸುಮಾರು 80 ನಿಮಿಷವನ್ನು ಆಯ್ದುಕೊಂಡಿತು. ಅದು ತೆರೆಗೆ ಬರುವ ಹೊತ್ತಿಗೆ ತಂಡ ಒಡೆದಿತ್ತು. ನೋಡಿದವರಿಗೆ ಕಂಡದ್ದೆಲ್ಲ ಜಗಳ. ಮುಂದೆ ಆ ಚಿತ್ರವೂ ದಶಕಗಟ್ಟಲೆ ಚಲಾವಣೆಯಲ್ಲಿ ಇರಲಿಲ್ಲ. 2021ರಲ್ಲಿ ಪೀಟರ್ ಜಾಕ್ಸನ್ ಅದೇ ಸುರುಳಿಗಳಿಂದ ಎಂಟು ಗಂಟೆಗೆ ಹತ್ತಿರದ ‘ಗೆಟ್ ಬ್ಯಾಕ್’ ಕಟ್ಟಿದರು. ಅದರಲ್ಲಿ ಜಗಳವೂ ಇದೆ. ಜೊತೆಗೆ ನಗು, ಪೋಲಿ ಮಾತು, ಏನೂ ಇಲ್ಲದ ಕಡೆಯಿಂದ ಹಾಡೊಂದು ಹುಟ್ಟಿಬರುವ ಗಳಿಗೆಗಳೂ ಇವೆ. ಆ ತಿಂಗಳೆಲ್ಲ ಕಚ್ಚಾಟವೇ ಎಂದು ಐವತ್ತು ವರ್ಷ ನಂಬಿದ್ದವರು ಆ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಯಿತು. 2024ರಲ್ಲಿ ಮೂಲ ಚಿತ್ರವನ್ನೂ ಶುಚಿಗೊಳಿಸಿ ಮತ್ತೆ ತೋರಿಸಿದರು.

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಚಿತ್ರ ತೆಗೆದ ಮಾತ್ರಕ್ಕೆ ದಾಖಲೆ ಆಗುವುದಿಲ್ಲ. ಯಾವಾಗ, ಎಲ್ಲಿ, ಯಾರು ಎಂಬ ಗುರುತು ಇರಬೇಕು. ಹಾಡಿದವರ ಒಪ್ಪಿಗೆ ಬರಹದಲ್ಲಿರಬೇಕು. ಇಂದು ಮಾರುಕಟ್ಟೆಗೆ ಬೇಡವಾದದ್ದನ್ನೂ ನಾಳೆಗೆಂದು ಇಟ್ಟುಕೊಳ್ಳುವ ಒಂದು ಜಾಗ ಇರಬೇಕು. ಆ ಜಾಗವನ್ನು ಸಾಮಾನ್ಯವಾಗಿ ಲಾಭ ನೋಡುವ ಕಂಪೆನಿ ಕೊಡುವುದಿಲ್ಲ. ಟುಲ್ಚಿನ್ ಅವರಂಥ ಹಠವಾದಿಯ ನೆಲಮಾಳಿಗೆ, ಹೆನ್‌ಶಾಲ್ ಅವರಂಥ ಕಸುಬುದಾರನ ಕಪಾಟು, ಹೆಸರಿಲ್ಲದ ವೀಕ್ಷಕನ ಪುಟ್ಟ ಕ್ಯಾಮೆರಾ ಇವೇ ಇಲ್ಲಿಯವರೆಗೆ ಹೆಚ್ಚು ಉಳಿಸಿಕೊಟ್ಟಿವೆ. ಇದು ಅವರ ದೊಡ್ಡತನ ಹೌದು. ಸಂಸ್ಥೆಗಳ ಸಣ್ಣತನವೂ ಹೌದು.

ನಿಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಎಂಬತ್ತು, ತೊಂಬತ್ತರ ದಶಕದ ವಿಡಿಯೋ ಕ್ಯಾಸೆಟ್ಟುಗಳಿರಬಹುದು. ಮದುವೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಅಂದಿನ ನಾದಸ್ವರ ಇರಬಹುದು. ಊರ ಜಾತ್ರೆಯ ಕ್ಯಾಸೆಟ್ಟಿನಲ್ಲಿ ರಾತ್ರಿಯ ಯಕ್ಷಗಾನ ಇರಬಹುದು. ಅವನ್ನು ಓಡಿಸುವ ಯಂತ್ರಗಳು ಒಂದೊಂದಾಗಿ ಕೆಡುತ್ತಿವೆ, ಹೊಸವು ತಯಾರಾಗುತ್ತಿಲ್ಲ. ಇಂದು ಮನೆಗೆ ಹೋದ ಮೇಲೆ ಅವುಗಳ ಬೆನ್ನಿನ ಮೇಲೆ ತಾರೀಕು, ಊರು, ಹಾಡಿದವರ ಹೆಸರು ಬರೆದಿಡಿ. ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೇಳಿಯೇ ಬರೆಯಿರಿ. ಯಂತ್ರ ಕೆಟ್ಟರೆ ಇನ್ನೊಂದನ್ನು ಎಲ್ಲಾದರೂ ಹುಡುಕಬಹುದು. ಹೆಸರು ಗೊತ್ತಿರುವವರು ಹೋದರೆ ಆಮೇಲೆ ಯಾರನ್ನು ಕೇಳುವುದು?